ಮಧುಕರ ಸಪೂರಾದ ಸಂಗತಿ

ತಾನು ತೆಳ್ಳಗಾದದ್ದನ್ನು ಊರೆಲ್ಲ ಹೊಗಳುತ್ತಿರುವಾಗ ಹೆಂಡತಿಯೊಬ್ಬಳೇ ಹೊಗಳುತ್ತಿಲ್ಲವೆಂಬುದೇ ಕದ್ವಾಡದ ಮಧುಕರನ ಕೊರಗು. ಕಾರವಾರದ ಸಹಕಾರಿ ಸಂಘವೊಂದರಲ್ಲಿ ಗುಮಾಸ್ತನಾದ ಅವನ ಹೊಟ್ಟೆ ಎಷ್ಟೋ ವರ್ಷ ಅವನಿಗಿಂತ ಮೊದಲೇ ಕಚೇರಿ ತಲುಪುತ್ತಿತ್ತು. ಈಗ ಅದು ತಾನಾಗಿಯೇ ಕರಗಿತ್ತು. ದರ್ಜಿ ಪ್ಯಾಂಟುಗಳನ್ನೆಲ್ಲ ಬಿಚ್ಚಿ ಸಣ್ಣದು ಮಾಡಿ ಕೊಟ್ಟಿದ್ದ. ಕಡಲದಂಡೆಯಲ್ಲಿ ವಾಕಿಂಗ್ ಬರುವವರು ಗುಟ್ಟೇನೆಂದು ಕೇಳಿದರೆ ಮಧುಕರ ಕಣ್ಣು ಅರೆಮುಚ್ಚಿ, "ಸಂಯಮ," ಎನ್ನುತ್ತಿದ್ದ. (ಸಂಯಮವೆಂದರೆ ಎರಡು ಪ್ಲೇಟ್ ಬನ್ಸ್ ತಿಂದು ಮೂರನೆಯದನ್ನು ಬೇಡವೆನ್ನುವುದು.)

ಹೆಂಡತಿ ಹೀರಾ ಮಾತ್ರ ಬೇರೇನನ್ನೋ ನೋಡುತ್ತಿದ್ದಳು.

"ಎಂತದ್ರೀ ಇದು, ಕೊಡಪಾನ ತುಂಬಿಟ್ಟು ಈಚೆ ತಿರುಗೂದರೊಳಗೆ ಖಾಲಿ!"

"ಸೆಕೆ ಮಾರಾಯ್ತಿ."

"ಸೆಕೆ ನಂಗಿಲ್ವಾ? ಬಚ್ಚಲಿಗೆ ಓಡೂದೇನು, ಉಂಡ ಕೈ ಒಣಗೂದರೊಳಗೆ ಮತ್ತೆ ಹಸಿವೆ ಅನ್ನೂದೇನು! ತಿಂದದ್ದೆಲ್ಲ ಎಲ್ಲಿಗೆ ಹೋಗ್ತದೆ? ಮತ್ತೆ ಆ ಕಾಲ್ಬೆರಳು?"

ಚವತಿಗೆ ಮೊದಲು ಕಡಲ ಚಿಪ್ಪು ತಾಗಿ ಕೊಯ್ದುಕೊಂಡ ಕಾಲಿನ ಕಿರುಬೆರಳು ದೀಪಾವಳಿ ಬಂದರೂ ಹಸಿಯಾಗಿಯೇ ಇತ್ತು. ನೋವಿರಲಿಲ್ಲ. ಅದೂ ತನ್ನ ಗಟ್ಟಿ ದೇಹದ ಲಕ್ಷಣವೆಂದೇ ಮಧುಕರ ನಂಬಿದ್ದ.

"ಒಮ್ಮೆ ಸಕ್ಕರೆ ನೋಡಿಸಿ. ನಮ್ಮ ದಾದಾನಿಗೂ ಹಿಂಗೇ ಆದದ್ದು."

"ಸಕ್ಕರೆ ಕಾಯಿಲೆ ಬರೂದು ದಪ್ಪಗಿದ್ದವರಿಗೆ. ನಿನ್ನಂಥವರಿಗೆ!"

ಆಮೇಲೆ ಅಡುಗೆಮನೆಯಲ್ಲಿ ಹೀರಾಳ ಪರವಾಗಿ ಪಾತ್ರೆಗಳು ಮಾತಾಡಿದವು.

ಹಬ್ಬದ ಮರುದಿನ ಹೀರಾ ಗಂಡನನ್ನು ಅಂಕೋಲೆಗೆ, ತಾನು ದಾದಾ ಎನ್ನುವ ಅಣ್ಣ ಪ್ರದೀಪನ ಮನೆಗೆ ಕರೆದೊಯ್ದಳು. ಟೆಂಪೋ ಓಡಿಸಿಕೊಂಡು ಊರೂರು ಸುತ್ತಿದ ಪ್ರದೀಪ ಈಗ ಜಗಲಿಯ ಕುರ್ಚಿ ಬಿಟ್ಟು ಏಳುವುದಿಲ್ಲ. ಸಕ್ಕರೆ ಕಾಯಿಲೆಗೆ ಅವನ ಬಲಗಾಲು ಮೊಣಕಾಲಿನವರೆಗೆ ಹೋಗಿತ್ತು. ಮಧುಕರ ಶರಟನ್ನು ಪ್ಯಾಂಟಿನೊಳಗೆ ತುರುಕಿಕೊಂಡು, ಹೊಗಳಿಕೆಗೆ ಸಿದ್ಧನಾಗಿ ಎದುರು ನಿಂತ.

ಪ್ರದೀಪ ಹೊಗಳಲಿಲ್ಲ. ಬಹಳ ಹೊತ್ತು ನೋಡಿ, "ಬಾವಾ, ನೀರು ಬಹಳ ಕುಡೀತ್ಯಾ?" ಎಂದ.

"ಸ್ವಲ್ಪ..."

"ಕಾಲು ತೋರ್ಸು."

ಮಧುಕರ ಚಪ್ಪಲಿ ಬಿಟ್ಟ. ಪ್ರದೀಪ ಬಗ್ಗಿ ಆ ಬೆರಳನ್ನು ಒತ್ತಿದ. "ನೋವಾಯ್ತಾ?"

"ಇಲ್ಲ."

"ನಂಗೂ ಆಗ್ಲಿಲ್ಲ. ನಾನೂ ನಿನ್ನ ಹಂಗೇ ಪ್ಯಾಂಟು ಸಣ್ಣ ಮಾಡ್ಸಿದ್ದೆ, ಬಾವಾ. ಆಮೇಲೆ ಒಂದು ಕಾಲೇ ಕತ್ತರಿಸಿ ಹೊಲಿಸ್ಬೇಕಾಯ್ತು. ದರ್ಜಿ ಪ್ಯಾಂಟಿಂದು, ಡಾಕ್ಟರು ನಂದು."

ಪ್ರದೀಪ ನಕ್ಕ. ಬೇರೆ ಯಾರೂ ನಗಲಿಲ್ಲ. ಹೀರಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಮಧುಕರನಿಗೆ ಮೊಣಕಾಲಿಗೇ ಹೊಲಿದು ಮುಚ್ಚಿದ ಆ ಪ್ಯಾಂಟಿನ ಕಾಲಿನಿಂದ ಕಣ್ಣು ಕೀಳಲಾಗಲಿಲ್ಲ.

ಮಾರನೆಯ ದಿನವೇ ರಕ್ತ ಕೊಟ್ಟರು. ಡಾಕ್ಟರು ವರದಿ ನೋಡಿ, "ಹೆಸರು ಮಧುಕರನಾ? ಹೆಸರಿಗೆ ತಕ್ಕ ರಕ್ತ," ಎಂದರು. ಬೆರಳು ನೋಡಿದ ಮೇಲೆ ಅವರೂ ತಮಾಷೆ ನಿಲ್ಲಿಸಿದರು. ಕಿರುಬೆರಳು ಹೋಯಿತು. "ಇನ್ನೂ ತಡ ಮಾಡಿದ್ರೆ ಪಾದವೇ ಹೋಗ್ತಿತ್ತು," ಎಂದರು. ಆಸ್ಪತ್ರೆಯ ಮಂಚದಲ್ಲಿ ಮಧುಕರ ಹೆಂಡತಿಯ ಕೈ ಹಿಡಿದು, "ನಿನ್ನ ಮಾತು ಕೇಳ್ಬೇಕಿತ್ತು," ಎಂದಾಗ ಆಕೆ "ಈಗ ಗಂಜಿ ಕುಡೀರಿ" ಎಂದಳು, ಅಷ್ಟೇ.

ಇನ್ಸುಲಿನ್ ಶುರುವಾಯಿತು. ಬನ್ಸ್ ನಿಂತಿತು. ಗಾಯ ಮಾಗಿದ ಮೇಲೆ ಮಧುಕರ ನಿಜವಾಗಿಯೂ ನಡೆಯತೊಡಗಿದ. ಕಳೆದುಹೋದ ತೂಕ ಒಂದಿಷ್ಟು ಮರಳಿತು, ಹಿಂದೆಯೇ ಹೊಟ್ಟೆಯೂ. "ಒಳ್ಳೆ ಲಕ್ಷಣ," ಎಂದರು ಡಾಕ್ಟರು.

ಆದರೆ ಪಕ್ಕದ ಮನೆಯ ಬೊಮ್ಮು ಡಾಕ್ಟರಲ್ಲವಲ್ಲ. ಬೇಲಿಯಾಚೆಯಿಂದ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಮತ್ತೆ ಮೊದಲಿನ ಹಂಗೇ ಆದ್ರಲ್ಲ ಮಧುಕರಣ್ಣಾ! ಆಸೆ ತಡೀಲಿಲ್ವಾ? ನಮ್ಮ ಮನೆಯವ್ರನ್ನ ನೋಡಿ, ಎರಡು ತಿಂಗಳಲ್ಲಿ ಹೆಂಗೆ ಸಪೂರಾದ್ರು. ಉಣ್ಣೂದೇನು ಕಮ್ಮಿ ಇಲ್ಲ!"

ಮಧುಕರ ಬೇಲಿ ಹಿಡಿದುಕೊಂಡ. "ಅವ್ರನ್ನ ಇವತ್ತೇ ಡಾಕ್ಟರಿಗೆ ತೋರ್ಸು, ಬೊಮ್ಮು. ಇವತ್ತೇ!"

ಬೊಮ್ಮು ಒಳಗೆ ತಿರುಗಿ ಗಂಡನಿಗೆ ಕೂಗಿ ಹೇಳಿದಳು:

"ಕೇಳಿದ್ರ್ಯಾ? ನೀವು ಸಪೂರಾದದ್ದು ಮಧುಕರಣ್ಣಗೆ ಸಹಿಸ್ಲಿಕ್ಕೇ ಆಗೂದಿಲ್ಲ!"