ಇಂಥಾದ ಇನ್ನೊಂದು

ಖರೆ ಹೇಳಬೇಕೆಂದರೆ ನನ್ನ ಗಂಡ ಸೀರೆ ಮಾರುತ್ತಿರಲಿಲ್ಲ. ಸೀರೆಗಳಿಗೆ ಮಾತು ಕಲಿಸುತ್ತಿದ್ದರು. ಕೊನೆಯ ದಿನವೂ ಅದನ್ನೇ ಮಾಡುತ್ತಿದ್ದರು. ಅದು ಕೊನೆಯ ದಿನವೆಂದು ನಮಗೇನು ಗೊತ್ತು? ಇಳಕಲ್ಲಿನ ನಮ್ಮ ಅಂಗಡಿಯ ಮುಂದೆ ಬಸ್ಸುಗಳು ಎಂದಿನಂತೆ ಹಾರ್ನ್ ಹೊಡೆಯುತ್ತಿದ್ದವು. ನಾನು ಡಬ್ಬಿ ಬಿಚ್ಚಿ ಕಾಯುತ್ತಿದ್ದೆ.

"ಏಳ್ರಿ, ರೊಟ್ಟಿ ಸೆಟದು ಹಪ್ಪಳ ಆಗ್ಯಾವ."

"ತಡೀ ಸ್ವಲ್ಪ. ಒಂದ್ ಮೆಥಡ್ ಸಿಗವಲ್ದು."

ಅಂಗಡಿಯ ಸೀರೆಗಳನ್ನೆಲ್ಲ ಅವರು ಕಂಪ್ಯೂಟರಿನ ಡೇಟಾಬೇಸಿಗೆ ಸೇರಿಸಿದ್ದರು. ಅಲ್ಲಿ ಒಂದೊಂದು ಸೀರೆಯೂ ಒಂದೊಂದು ಆಬ್ಜೆಕ್ಟ್. ಬಣ್ಣ ಹೇಳು ಎಂದರೆ ಹೇಳುತ್ತದೆ, ಅಂಚಿನ ದಡಿ ಯಾವುದು ಎಂದರೆ ತೋರಿಸುತ್ತದೆ. ಹಾಗೆ ಹೇಳಿಸುವ ಅಪ್ಪಣೆಗೆ ಮೆಥಡ್ ಎನ್ನುತ್ತಾರಂತೆ. ಯಾವ ಅಪ್ಪಣೆ ಏನು ಮಾಡುತ್ತದೆ ಎಂಬ ವಿವರ ಇಂಟರ್ನೆಟ್ಟಿನಲ್ಲಿ ಎಲ್ಲೋ ಒಂದು ಪುಟದಲ್ಲಿರುತ್ತದೆ. ಆ ಪುಟ ಹುಡುಕುವುದೇ ಇವರ ಸಂಸಾರ.

ವಿವರ ಓದದೆ ಅವರು ಏನನ್ನೂ ಮುಟ್ಟಿದವರಲ್ಲ. ಹೊಸ ಕುಕ್ಕರ್ ತಂದಾಗ ಅದರ ಪುಸ್ತಿಕೆ ಮುಗಿಯುವವರೆಗೆ ನಾವು ಹಳೆಯ ಪಾತ್ರೆಯಲ್ಲೇ ಬೇಳೆ ಬೇಯಿಸಿ ಉಂಡೆವು. ಬಾದಾಮಿಯ ಗುಹೆ ನೋಡಲು ಹೋದಾಗ "ಮಂಗಗಳಿವೆ, ಎಚ್ಚರಿಕೆ" ಎಂಬ ಫಲಕವನ್ನು ಕೊನೆಯ ಸಾಲಿನವರೆಗೂ ಓದುತ್ತ ನಿಂತರು. ಅಷ್ಟರಲ್ಲಿ ಮಂಗ ಬಾಳೆಹಣ್ಣಿನ ಚೀಲ ಒಯ್ದಿತ್ತು. "ಬರದದ್ದು ಖರೆ ಐತಿ ನೋಡು" ಎಂದು ಸಂತೋಷಪಟ್ಟರು.

ಆ ದಿನ ಕೆರೂರಿನ ಹೆಣ್ಣುಮಗಳೊಬ್ಬಳು ಜೀರ್ಣವಾದ ಸೀರೆಯೊಂದನ್ನು ತಂದಿದ್ದಳು.

"ಅವ್ವ ಇಂಥಾದ ಇನ್ನೊಂದು ಬೇಕಂತ ಹಟ ಹಿಡದಾಳ್ರಿ."

"ನಾ ಕಪಾಟ ಹತ್ತಿ ನೋಡ್ತೇನಿ" ಎಂದೆ.

"ಬ್ಯಾಡ. ಕಪಾಟಿಗೆ ಮೆಥಡ್ ಇಲ್ಲ" ಎಂದರು ಇವರು. "ತಂಗಿ, ಹದಿನೈದು ದಿನ ಬಿಟ್ಟು ಬಾ. ಇಂಥಾದ ಇನ್ನೊಂದು ಎಲ್ಲೈತಿ ಅಂತ ಸೀರಿನ ಹೇಳ್ತದ."

ಅವಳು ನನ್ನ ಮುಖ ನೋಡಿದಳು. ನಾನೂ ಅವಳ ಮುಖ ನೋಡಿದೆ. ಇಬ್ಬರೂ ನಕ್ಕೆವು.

ಅವಳು ಹೋದ ಮೇಲೆ ಅಂಗಡಿ ತಣ್ಣಗಾಯಿತು. ಅವರು ಮೆಥಡ್‌ಗಳ ಇಂಗ್ಲಿಷ್ ಹೆಸರುಗಳನ್ನು ಜೋಗುಳದಂತೆ ಗುನುಗುತ್ತಿದ್ದರು. ಅರೆನಿದ್ದೆಯಲ್ಲಿ ನನಗೆ ಕಪಾಟಿನ ಸೀರೆಗಳೆಲ್ಲ ಒಂದಕ್ಕೊಂದು ಪಿಸುಗುಟ್ಟಿದಂತೆ ಕೇಳಿಸುತ್ತಿತ್ತು.

"ಸಿಕ್ತ ನೋಡು!" ಎಂದರು. "ಉಂಡು ತೋರಸ್ತೇನಿ."

ಉಂಡರು. ರೊಟ್ಟಿ ಸೆಟೆದಿದೆ ಎಂದು ಬೈಯಲೂ ಇಲ್ಲ. ಗಾದಿಯ ಮೇಲೆ ಒಂದು ಗಳಿಗೆ ಅಡ್ಡಾದರು. ಮತ್ತೆ ಏಳಲಿಲ್ಲ.

ದಿನಕರ್ಮಗಳು ಮುಗಿದ ಮೇಲೆ ಅಂಗಡಿ ತೆರೆದೆ. ಅವರು ಹುಡುಕಿದ ಪುಟ ಹಾಗೇ ಇತ್ತು. ಆದರೆ ಅದರಲ್ಲಿ ಮೆಥಡ್‌ಗಳು ಬಸ್ ನಿಲ್ದಾಣದ ಫಲಕದ ಊರುಗಳಷ್ಟಿದ್ದವು. ಅವರಿಗೆ ಸಿಕ್ಕಿದ್ದು ಯಾವುದು? ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಒಂದೊಂದನ್ನೇ ಬರೆದು ನೋಡಿದೆ. ಒಂದು ಬರೀ ಬಣ್ಣ ಹೇಳಿತು. ಇನ್ನೊಂದು ಸೀರೆಗಳನ್ನೆಲ್ಲ ಹಿಂದುಮುಂದಾಗಿ ನಿಲ್ಲಿಸಿತು. ಇದ್ದಿದ್ದರೆ ಎಷ್ಟು ನಗುತ್ತಿದ್ದರೋ.

ಕೆರೂರಿನವಳು ಬಂದಳು. ಸುದ್ದಿ ಕೇಳಿ ನನ್ನ ಪಕ್ಕಕ್ಕೆ ಬಂದು ಕೂತಳು. ನಾನು ಕಪಾಟು ಹತ್ತಿದೆ. ಮೇಲಿನ ಸಾಲಿನ ಹಿಂದೆ, ಅದೇ ದಡಿ, ಅದೇ ಸೆರಗು.

"ಹೆಂಗ ಸಿಕ್ತ್ರಿ ಅಕ್ಕಾರ?"

"ಕೈಗೆ ಗೊತ್ತಿತ್ತು, ತಂಗಿ."

ಅವಳ ಅವ್ವನಿಗೆ ಸೀರೆ ಮುಟ್ಟಿತು. ನಾನು ಈಗಲೂ ಮಧ್ಯಾಹ್ನ ಡಬ್ಬಿ ಬಿಚ್ಚುವ ಮೊದಲು ಆ ಪುಟದ ಒಂದು ಸಾಲು ಓದಿ, ಬರೆದು ನೋಡುತ್ತೇನೆ. ಅವರು ಉಂಡು ತೋರಿಸುತ್ತೇನೆ ಎಂದದ್ದು ಇನ್ನೂ ಸಿಕ್ಕಿಲ್ಲ.