ಅತ್ತೆಯ ಕಂಪ್ಯೂಟರಿಗೆ ತೋಡಿದ ಸುರಂಗ

ಕಂಪ್ಯೂಟರ್ ಕೆಲಸದವನನ್ನು ಅಳಿಯನನ್ನಾಗಿ ಮಾಡಿಕೊಂಡರೆ ರಿಪೇರಿಯವನನ್ನು ಕರೆಯಬೇಕಾಗಿಲ್ಲ ಎಂಬ ನಂಬಿಕೆ ಲೋಕದಲ್ಲಿದೆ. ನನ್ನ ಅತ್ತೆಗಂತೂ ಅದು ವೇದವಾಕ್ಯ. ಗೋರೆಗಾಂವ್‌ನ ಮನೆಯಲ್ಲಿ ಕೂತು ಅವರು ಮಕ್ಕಳಿಗೆ ಆನ್‌ಲೈನಿನಲ್ಲಿ ದೇವರನಾಮ ಕಲಿಸುತ್ತಾರೆ. ಧ್ವನಿ ಹೋಯಿತು, ಚಿತ್ರ ನಿಂತಿತು ಎಂದಾಗಲೆಲ್ಲ ನಾನು ಪವಾಯಿಯ ನಮ್ಮ ಮನೆಯಿಂದ ಟ್ರಾಫಿಕ್ಕಿನಲ್ಲಿ ಬೇಯುತ್ತ ಹೋಗಬೇಕು. ಹೋಗಿ ನೋಡಿದರೆ ಸ್ಪೀಕರಿನ ವಯರು ಕಳಚಿರುತ್ತದೆ. ನಾನೋ ಹುಟ್ಟು ಸೋಮಾರಿ. ಸೋಮಾರಿಯ ಬುದ್ಧಿ ಓಡುವುದು ಸೋಮಾರಿತನ ಉಳಿಸಿಕೊಳ್ಳುವುದಕ್ಕೆ ಮಾತ್ರ.

ಹಾಗಾಗಿ ಎಸ್‌ಎಸ್‌ಎಚ್ ಪೋರ್ಟ್ ಫಾರ್ವರ್ಡಿಂಗ್ ಎಂಬ ವಿದ್ಯೆಯಿಂದ ಅವರ ಕಂಪ್ಯೂಟರಿಗೂ ನನ್ನದಕ್ಕೂ ನಡುವೆ, ಬೇರೆ ಯಾರೂ ನುಸುಳಲಾಗದ ಸುರಂಗವೊಂದನ್ನು ತೋಡಿದೆ. ಅದರ ಅಡ್ಡಾದಿಡ್ಡಿ ಆಜ್ಞೆಗಳನ್ನೆಲ್ಲ ಅವರ ಪರದೆಯ ಮೇಲಿನ ಒಂದು ಗಣಪತಿಯ ಚಿತ್ರದ ಹಿಂದೆ ಅಡಗಿಸಿಟ್ಟು, “ಏನೇ ತೊಂದ್ರೆ ಆದ್ರೂ ಈ ಗಣಪತೀನ ಒತ್ತಿ ಅತ್ತೆ. ನಿಮ್ಮ ಪರದೆ ನನಗೆ ಕಾಣತ್ತೆ, ಇಲ್ಲಿಂದಲೇ ಸರಿ ಮಾಡ್ತೀನಿ” ಎಂದೆ. ಆಫೀಸಿನಲ್ಲೂ ಇದನ್ನು ಕೊಚ್ಚಿಕೊಂಡದ್ದಾಯಿತು.

ಮೊನ್ನೆ ಶನಿವಾರ ಅತ್ತೆಯ ಫೋನ್ ಬಂತು. ಅವತ್ತು ಸಂಜೆ ಮಕ್ಕಳ ಕೊನೆಯ ಅಭ್ಯಾಸ, ಮರುದಿನ ಕನ್ನಡ ಸಂಘದ ವೇದಿಕೆಯಲ್ಲಿ ಹಾಡಬೇಕು, ಅತ್ತೆಯ ಧ್ವನಿಯೇ ಮಕ್ಕಳಿಗೆ ಕೇಳುತ್ತಿಲ್ಲ. “ಒಂಚೂರು ಬರ್ತೀರಾ?” ಎಂದರು. “ದೊಡ್ಡವರ ಜೊತೆ ಮೀಟಿಂಗ್‌ನಲ್ಲಿದ್ದೀನಿ ಅತ್ತೆ, ಅಲ್ಲಾಡೋ ಹಾಗಿಲ್ಲ. ಗಣಪತಿ ಒತ್ತಿ” ಎಂದೆ. ಒತ್ತಿದರು. ನನಗೇನೂ ಕಾಣಲಿಲ್ಲ. ಆಮೇಲೆ ಅತ್ತೆ ಮೆಲ್ಲಗೆ, “ಆ ಕೆಂಪು ಎಂಟನ್ನ ಕಪ್ಪು ಒಂಬತ್ತರ ಮೇಲಿಡಿ, ಆಟ ಬಿಚ್ಕೊಳ್ಳತ್ತೆ” ಎಂದರು.

ಸುರಂಗದ ಎರಡು ತುದಿಗಳನ್ನು ನಾನು ಅದಲುಬದಲು ಮಾಡಿದ್ದೆ. ನನ್ನ ಪರದೆ ಅವರೆದುರು ತೆರೆದುಕೊಂಡಿತ್ತು, ಅದರಲ್ಲಿ ನಾನೊಬ್ಬನೇ ಆಡುತ್ತಿದ್ದ ಇಸ್ಪೀಟು ಬಿಟ್ಟು ಇನ್ನೇನೂ ಇರಲಿಲ್ಲ. ಅತ್ತೆಗೆ ಇಸ್ಪೀಟು ಬರುತ್ತದೆಂದೇ ನನಗೆ ಗೊತ್ತಿರಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ತೆಪ್ಪಗೆ ಚಪ್ಪಲಿ ಮೆಟ್ಟಿ, ಸಿಕ್ಕ ರಿಕ್ಷಾ ಹತ್ತಿ ಹೋಗಿ ಮೈಕು ಸರಿಮಾಡಿದೆ. ಅಭ್ಯಾಸ ಚೆನ್ನಾಗಿಯೇ ನಡೆಯಿತು. ಅತ್ತೆ ಕಾಫಿ ಕೊಟ್ಟರು, ಮೀಟಿಂಗಿನ ಮಾತೇ ಎತ್ತಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ರಾತ್ರಿ ಊಟಕ್ಕೆ ಹೆಂಡತಿಯೂ ಅಲ್ಲಿಗೇ ಬಂದಳು. “ಬೆಳಿಗ್ಗೆ ತರಕಾರಿಗೆ ಬನ್ನಿ ಅಂದ್ರೆ ಮೀಟಿಂಗ್ ಅಂದ್ರಲ್ಲ, ಮುಗೀತಾ?” ಎಂದು ಕೇಳಿದಳು. ಅತ್ತೆ ಹುಳಿ ಬಡಿಸುತ್ತ, “ಪಾಪ, ತಲೆ ಕೆಡಿಸ್ಕೊಂಡು ಕೂತಿದ್ರು ಕಣೆ. ನಾನೇ ಕಣ್ಣಾರೆ ನೋಡಿದೆ” ಎಂದರು. ಹೆಂಡತಿ ಮರುಕದಿಂದ ನನ್ನ ಅನ್ನಕ್ಕೆ ಇನ್ನೊಂದು ಚಮಚ ತುಪ್ಪ ಹಾಕಿದಳು. ನಾನು ತಲೆ ಎತ್ತದೆ ಉಂಡೆ.