ಅನುಮತಿ ಇಲ್ಲದೆ ಮಾಯ್ದ ಸೇತುವೆ

ಗಂಡಸಿ ಹೋಬಳಿಯ ಹಳ್ಳವೊಂದರ ಮೇಲಿರುವ ಕಿರುಸೇತುವೆಯು ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿ ಪಡೆಯದೆ ತನ್ನ ಬಿರುಕುಗಳನ್ನು ತಾನೇ ಮುಚ್ಚಿಕೊಂಡಿರುವುದು ಸ್ಥಳ ಪರಿಶೀಲನೆಯಿಂದ ದೃಢಪಟ್ಟಿದೆ.

ಈ ಸೇತುವೆಯ ಕಳೆದ ದುರಸ್ತಿಗೆ ಕಾಂಕ್ರೀಟು ಕಲಸಿಕೊಟ್ಟವಳು ಹೇಮಾಶ್ರೀ ಎಂಬ ಸಂಶೋಧಕಿ. ಅವಳು ಸಿಮೆಂಟಿನ ಜೊತೆ ಒಂದು ಜಾತಿಯ ಬ್ಯಾಕ್ಟೀರಿಯಾವನ್ನೂ ಅದಕ್ಕೆ ಬೇಕಾದ ಆಹಾರವನ್ನೂ ಬೆರೆಸಿದ್ದಳು. ನೂಲಿನಷ್ಟು ಬಿರುಕು ಬಿಟ್ಟು ನೀರು ಒಳಗಿಳಿದರೆ ಸಾಕು, ಮಲಗಿದ್ದ ಬ್ಯಾಕ್ಟೀರಿಯಾ ಎದ್ದು, ಉಂಡು, ಸುಣ್ಣ ಕಟ್ಟಿ ಬಿರುಕು ತುಂಬುತ್ತದೆ. ಪ್ರಯೋಗಕ್ಕೊಂದು ಸೇತುವೆ ಕೊಡಿ ಎಂದು ಅವಳು ಅರಸೀಕೆರೆಯ ಕಿರುಸೇತುವೆ ಪಾಲನಾ ಉಪವಿಭಾಗವನ್ನು ಕೇಳಿದಾಗ, ವರ್ಷವರ್ಷವೂ ದುರಸ್ತಿಯಾಗುತ್ತಿದ್ದ ಇದನ್ನು ಕೊಟ್ಟರು. ಅದು ಕೆಲಸ ಮಾಡೀತೆಂಬ ಅನುಮಾನ ಕೊಟ್ಟವರಲ್ಲಿ ಯಾರಿಗೂ ಇರಲಿಲ್ಲ.

ಮಳೆಗಾಲ ಕಳೆಯಿತು. ಬಿರುಕಿದ್ದ ಕಡೆ ಬಿಳಿ ಗೆರೆಗಳಷ್ಟೇ ಉಳಿದವು. ಅದನ್ನು ಮೊದಲು ಕಂಡವರು ಅನುಸೂಯಮ್ಮ, ಮೊಪೆಡ್ಡಿಗೆ ಕ್ಯಾನು ಕಟ್ಟಿಕೊಂಡು ದಿನಾ ಡೈರಿಗೆ ಹಾಲು ಒಯ್ಯುವವರು. ದುರಸ್ತಿಯೆಂದು ಬೇಸಿಗೆಯಲ್ಲಿ ಸೇತುವೆ ಮುಚ್ಚಿದಾಗಲೆಲ್ಲ ಅವರು ಊರು ಸುತ್ತಿ ಹೋಗುವಷ್ಟರಲ್ಲಿ ಹಾಲು ಕೆಟ್ಟು, ಡೈರಿಯವರು ವಾಪಸ್ ಕಳಿಸುತ್ತಿದ್ದರು.

"ಮೇಡಂ, ಹಸುವಿನ ಮೈಮ್ಯಾಲಿನ ಗಾಯ ಮಾಯ್ದಂಗೆ ಮಾಯ್ದೈತೆ ಕಣ್ರೀ! ಈ ಸಲ ದಾರಿ ಮುಚ್ಚಾಕಿಲ್ಲ ತಾನೆ?"

"ಮುಚ್ಚೋ ಅವಶ್ಯಕತೆನೇ ಇಲ್ಲ ಅಮ್ಮ," ಎಂದಳು ಹೇಮಾಶ್ರೀ. ಅವಳ ಕಣ್ಣು ತುಂಬಿ ಬಂದದ್ದನ್ನು ಇಲಾಖೆ ದಾಖಲಿಸಿಕೊಂಡಿಲ್ಲ.

ಉಪವಿಭಾಗದಲ್ಲಿ ಮಾತ್ರ ಆತಂಕ ಹರಡಿತು. ದುರಸ್ತಿಯ ಅನುದಾನ ಬಂದು ಕೂತಿತ್ತು. ಮಾರ್ಚ್ ಮುಗಿಯುವುದರೊಳಗೆ ಖರ್ಚಾಗದಿದ್ದರೆ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಅದನ್ನೇ ನಂಬಿ ಗುತ್ತಿಗೆದಾರ ರಾಜಶೇಖರ್ ಒಂದು ಮನೆ ಕಟ್ಟಿಸುತ್ತಿದ್ದ. ಅದನ್ನೇ ನಂಬಿ ಎಂಜಿನಿಯರ್ ಇಂದುಧರ ಅವರೂ ಒಂದು ಮನೆ ಕಟ್ಟಿಸುತ್ತಿದ್ದರು.

ಹೇಮಾಶ್ರೀಗೆ ನೋಟಿಸ್ ಹೋಯಿತು. ವಿಚಾರಣೆಯನ್ನು ಇಂದುಧರ ಅವರೇ ನಡೆಸಿದರು.

"ಬಿರುಕು ಮುಚ್ಚಿದವರು ಯಾರು?"

"ಬ್ಯಾಕ್ಟೀರಿಯಾ ಸರ್."

"ಎಷ್ಟು ಜನ?"

"ಕೋಟ್ಯಂತರ ಇರ್ತವೆ ಸರ್."

"ಹಾಜರಿ ಹಾಕಿದಾರಾ?"

"ಇಲ್ಲ ಸರ್."

"ಹಾಜರಿ ಇಲ್ಲ, ಕೂಲಿ ಇಲ್ಲ, ರಜೆ ಇಲ್ಲ. ಸರ್ಕಾರಿ ಸ್ವತ್ತಿನ ಒಳಗೆ ಕೂಡಿಹಾಕಿ ದುಡಿಸಿದೀರಿ. ಇದು ಜೀತ ಕಣಮ್ಮ," ಎಂದರು ಇಂದುಧರ, ಬಹಳ ನೊಂದು.

"ಆದರೆ ಸೇತುವೆ ಗಟ್ಟಿಯಾಗಿದೆಯಲ್ಲ ಸರ್?"

"ಅದೇ ಈಗ ನಿಮ್ಮ ಮೇಲಿರೋ ಆರೋಪ."

ಆ ಸಂಜೆಯೇ ಸ್ವಯಂ ದುರಸ್ತಿ ನಿಯಂತ್ರಣ ನಿಯಮಗಳು ಜಾರಿಗೆ ಬಂದವು. ಯಾವುದೇ ಸೇತುವೆಯು ಟೆಂಡರ್ ಕರೆಯುವ ಮುನ್ನ ಮಾಯತಕ್ಕದ್ದಲ್ಲ. ಮಾಯ್ದಲ್ಲಿ ಅದನ್ನು ಹಿಂದಿನ ಸ್ಥಿತಿಗೆ ತರತಕ್ಕದ್ದು. ಬಿರುಕು ಬಿಡಿಸುವ ಟೆಂಡರ್ ರಾಜಶೇಖರನಿಗಾಯಿತು. ಬಿರುಕಿನ ಪೂರ್ವಪರಿಚಯ ಇರುವವರಿಗೆ ಆದ್ಯತೆ ಎಂಬ ಷರತ್ತಿದ್ದುದರಿಂದ ಮುಚ್ಚುವ ಟೆಂಡರೂ ಅವನಿಗೇ ಆಯಿತು.

ದಾರಿಗೆ ಅಡ್ಡಲಾಗಿ ಡ್ರಮ್ಮು ಇಟ್ಟರು. ಅನುಸೂಯಮ್ಮ ಮೊಪೆಡ್ ನಿಲ್ಲಿಸಿದರು.

"ಏನ್ ಸ್ವಾಮಿ, ಚೆನ್ನಾಗಿರಾದ್ನ ಯಾಕ್ ಒಡೀತೀರಾ?"

"ರಿಪೇರಿ ಮಾಡಾಕೆ ಕಣಮ್ಮ," ಎಂದ ರಾಜಶೇಖರ್.

"ಒಡೀದೇ ಇದ್ರೆ?"

"ರಿಪೇರಿ ಎಂಗ್ ಮಾಡಾದು?"

ಉತ್ತರದಲ್ಲಿ ತಾಂತ್ರಿಕ ದೋಷ ಇಲ್ಲದ್ದರಿಂದ ಅವರು ಮೊಪೆಡ್ ತಿರುಗಿಸಿಕೊಂಡು ಹೋದರು. ಆವತ್ತಿನ ಹಾಲನ್ನು ಊರ ನಾಯಿಗಳು ಕುಡಿದವು.

ಆದರೆ ಆಳುಗಳು ಧೂಳು ಅಡಗಲೆಂದು ನೀರು ಚಿಮುಕಿಸಿದ್ದೇ ತಪ್ಪಾಯಿತು. ಬಿರುಕಿನ ಫೋಟೊ ತೆಗೆಸಲು ಇಂದುಧರ ಅವರು ಬರುವಷ್ಟರಲ್ಲಿ ಸೇತುವೆ ಮತ್ತೆ ಮಾಯ್ದಿತ್ತು. ಒಡೆದರು, ಅಕಾಲದ ಮಳೆ ಬಂತು, ಮತ್ತೆ ಮಾಯ್ದಿತು.

"ಮೇಡಂ, ನಿಮ್ ಹುಳುಗಳಿಗೆ ಒಂದ್ ಮಾತು ಹೇಳ್ಬಾರ್ದಾ? ಮಾರ್ಚ್ ಮುಗೀತಾ ಬಂತು," ಎಂದು ರಾಜಶೇಖರ್ ಕೈಮುಗಿದ.

ಇಂದುಧರ ಅವರು ಕೈಮುಗಿಯಲಿಲ್ಲ. ಪರಿಹಾರ ಸಿಗದಿದ್ದರೆ ಪ್ರಯೋಗ ರದ್ದು, ಸೇತುವೆ ನೆಲಸಮ ಎಂದರು. ಹೇಮಾಶ್ರೀ ಬಹಳ ಹೊತ್ತು ಹಳ್ಳದ ದಂಡೆಯಲ್ಲಿ ಕೂತಳು. ನೆಲಸಮವಾದರೆ ಹೊಸದು ಕಟ್ಟುವವರೆಗೂ ಅನುಸೂಯಮ್ಮ ಊರು ಸುತ್ತಬೇಕು. ಹೊಸದನ್ನು ಕಟ್ಟುವವನು ರಾಜಶೇಖರ್. ಅವಳು ಎದ್ದು ಪ್ರಯೋಗಾಲಯಕ್ಕೆ ಹೋದಳು.

ಹೀಗೆ ತಯಾರಾದದ್ದೇ ಆಯವ್ಯಯ ಸ್ನೇಹಿ ಲೇಪ. ಸೇತುವೆಯ ಮೇಲೆ ಬೆರಳು ದಪ್ಪ ಬಳಿದರಾಯಿತು. ಮಾರ್ಚ್ ಬಿಸಿಲಿಗೆ ಲೇಪ ಮಾತ್ರ ಭೀಕರವಾಗಿ ಬಿರಿಯುತ್ತದೆ. ಫೋಟೊ ತೆಗೆದು, ಬಿಲ್ ಪಾಸಾದ ಮೇಲೆ ಒಂದು ಟ್ಯಾಂಕರ್ ನೀರು ಹೊಡೆದರೆ ಮಾಯುತ್ತದೆ. ಕೆಳಗಿನ ಸೇತುವೆಗೆ ಈ ವಿಷಯ ಗೊತ್ತೇ ಆಗುವುದಿಲ್ಲ. ದಾರಿ ಮುಚ್ಚುವ ಅಗತ್ಯವೂ ಇಲ್ಲ.

ಹೇಮಾಶ್ರೀಗೆ ಪೇಟ ತೊಡಿಸಿ ಸನ್ಮಾನಿಸಲಾಯಿತು. ವಿಜ್ಞಾನವು ಜನರ ಬಳಿಗೆ ಬಂದಿದೆ ಎಂದರು ಇಂದುಧರ.

ಅಷ್ಟರಲ್ಲಿ ಬಸ್ತಿಹಳ್ಳಿ ಕಡೆಯಿಂದ ಮರುಳಪ್ಪ ಎಂಬ ಹಿರಿಯರ ಮುಂದಾಳತ್ವದಲ್ಲಿ ಜನ ಬಸ್ಸಿಳಿದು ಘೋಷಣೆ ಕೂಗತೊಡಗಿದರು.

"ಗಂಡಸಿಯೋರಿಗೆ ವರ್ಸಾ ವರ್ಸಾ ಬಿರುಕು, ಅನುದಾನ, ಈಗ ಟ್ಯಾಂಕರ್ ನೀರು ಬ್ಯಾರೆ. ನಮ್ ಸೇತುವೆ ನಮ್ ತಾತನ ಕಾಲ್ದಿಂದ ಒಂದ್ಸಲನೂ ಬಿರಿದಿಲ್ಲ ಸ್ವಾಮಿ! ನಾವೇನ್ ಪಾಪ ಮಾಡಿದ್ವಿ?" ಎಂದರು ಮರುಳಪ್ಪ.

ಇಂದುಧರ ಅವರು ಮನವಿ ಸ್ವೀಕರಿಸಿ, ಇಷ್ಟು ವರ್ಷ ಆದ ಅನ್ಯಾಯಕ್ಕೆ ಇಲಾಖೆಯ ಪರವಾಗಿ ವಿಷಾದಿಸಿ, ಮುಂದಿನ ಮಾರ್ಚ್ ಒಳಗೆ ಬಿರುಕು ಮಂಜೂರು ಮಾಡಿಸುವುದಾಗಿ ಭರವಸೆ ಕೊಟ್ಟರು. ಜನ ಚಪ್ಪಾಳೆ ತಟ್ಟಿ, ಸಮಾಧಾನದಿಂದ ಬಸ್ಸು ಹತ್ತಿದರು.